ಅಳಿಸಿದಷ್ಟೂ ಬರುವ ಮೇಲ್

ಫೋನು ಮಧ್ಯಾಹ್ನದ ಊಟಕ್ಕೆ ಮೊದಲೇ ಕಣ್ಣು ಮುಚ್ಚತೊಡಗಿದಾಗ ಚಿಕ್ಕ ಮೆಕ್ಯಾನಿಕ್ ಎಲ್ಲರಂತೆ ಬ್ಯಾಟರಿಯನ್ನೇ ಬೈದ. ಬೈದು ಹೊಸದನ್ನು ಹಾಕಿಸಿದ. ಹೊಸದೂ ಹಳೆಯದರ ದಾರಿಯನ್ನೇ ಹಿಡಿಯಿತು. ಬೆಳಿಗ್ಗೆ ಚಾರ್ಜರಿನಿಂದ ಬಿಡಿಸಿ ಜೇಬಿಗೆ ಹಾಕಿಕೊಂಡರೆ ಒಂದು ಕಟ್ಟಡದ ಕೆಲಸ ಮುಗಿಸುವಷ್ಟರಲ್ಲಿ ತೊಡೆಗೆ ಬಿಸಿ ತಟ್ಟುತ್ತಿತ್ತು. ತೆಗೆದು ನೋಡಿದರೆ ಯಾರೂ ಕರೆದಿಲ್ಲ, ಇವನೂ ಯಾರನ್ನೂ ಕರೆದಿಲ್ಲ. ಆದರೂ ಫೋನು ಜ್ವರ ಬಂದ ಮಗುವಿನ ಹಣೆಯಂತೆ ಸುಡುತ್ತಿರುತ್ತಿತ್ತು.

ಲಿಫ್ಟ್ ರಿಪೇರಿ ಮಾಡುವವನಿಗೆ ಫೋನು ಸತ್ತರೆ ಅರ್ಧ ಕೈ ಸತ್ತ ಹಾಗೆ. ಎಲ್ಲಿ ಯಾರು ಸಿಕ್ಕಿಹಾಕಿಕೊಂಡರೂ ಮೊದಲ ಕರೆ ಅವನಿಗೇ ಬರಬೇಕು.

ಅವನೇನೂ ಚಿಕ್ಕವನಲ್ಲ. ಕಿವಿಯ ಮೇಲಿನ ಕೂದಲೆಲ್ಲ ಬೆಳ್ಳಗಾಗಿತ್ತು. ಆದರೆ ಅಣ್ಣ ತಮ್ಮ ಇಬ್ಬರೂ ಒಂದೇ ಕಂಪನಿಯಲ್ಲಿ ಜೋಡಿಯಾಗಿ ದುಡಿದವರು. ಕಾವಲುಗಾರರಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರ ಬಾಯಲ್ಲೂ ಒಬ್ಬ ದೊಡ್ಡ ಮೆಕ್ಯಾನಿಕ್, ಇನ್ನೊಬ್ಬ ಚಿಕ್ಕ ಮೆಕ್ಯಾನಿಕ್. ಅಣ್ಣ ಹೋದ ಮೇಲೂ ಇವನು ಚಿಕ್ಕನಾಗಿಯೇ ಉಳಿದ. ದೊಡ್ಡವನ ಜಾಗಕ್ಕೆ ಅವನನ್ನು ಬಡ್ತಿ ಕೊಟ್ಟು ಕರೆಯುವ ಮನಸ್ಸು ಯಾರಿಗೂ ಬರಲಿಲ್ಲ, ಅವನಿಗೂ ಬೇಕಿರಲಿಲ್ಲ.

ಅಣ್ಣ ಹೋದದ್ದು ಹೇಗೆಂದರೆ, ಅದೊಂದು ದಿನ ಇಬ್ಬರೂ ಸೇರಿ ಹಳೆಯ ಆಫೀಸು ಕಟ್ಟಡವೊಂದರ ಲಿಫ್ಟಿಗೆ ಹೊಸ ಉಕ್ಕಿನ ಹಗ್ಗ ಹಾಕಿದ್ದರು. ಸಂಜೆ ಮನೆಗೆ ಹೋದ ಅಣ್ಣ ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಗಡಿಬಿಡಿಯಲ್ಲಿ ಅವನ ಫೋನು ಏನಾಯಿತೆಂದು ಯಾರೂ ಕೇಳಲಿಲ್ಲ. ಆಸ್ಪತ್ರೆಯಲ್ಲೇ ಎಲ್ಲೋ ಕಳೆದುಹೋಗಿರಬೇಕೆಂದು ಚಿಕ್ಕ ಅಂದುಕೊಂಡಿದ್ದ.

ಆಮೇಲೆ ಕೆಲವು ದಿನ ಅತ್ತಿಗೆಯ ಮನೆಗೆ ಹೋಗಿಬಂದ. ಬರಬರುತ್ತಾ ಕಾಲು ಏಳದಾಯಿತು. ಆ ಮನೆಯ ಬಾಗಿಲು ತೆಗೆದರೆ ಎದುರಿಗೇ ಅಣ್ಣನ ಚಪ್ಪಲಿ ಕಾಣುತ್ತಿತ್ತು. ಅತ್ತಿಗೆ ಅವನ್ನು ತೆಗೆದಿರಲಿಲ್ಲ, ತೆಗೆಯಿರಿ ಎನ್ನಲು ಇವನಿಗೆ ಬಾಯಿ ಬರಲಿಲ್ಲ. ಕೆಲಸ ಜಾಸ್ತಿ ಎಂಬ ನೆಪವೊಂದು ಹೇಗೂ ಕೈಯಲ್ಲಿತ್ತು. ಹೆಂಡತಿಯೇ ಹೋಗಿ ಮಾತಾಡಿಸಿಕೊಂಡು ಬರುತ್ತಿದ್ದಳು. “ಅಕ್ಕ ಮಾತೇ ಕಮ್ಮಿ ಮಾಡಿಬಿಟ್ಟಿದ್ದಾರೆ” ಎಂದಷ್ಟೇ ಬಂದು ಹೇಳುತ್ತಿದ್ದಳು.

ಕೊನೆಗೆ ಫೋನನ್ನು ಒಂದು ಅಂಗಡಿಗೆ ಒಯ್ದ. ಅಂಗಡಿಯಾಕೆ ಅದರ ಹೊಟ್ಟೆ ಬಗೆಯಲಿಲ್ಲ. ಸೆಟ್ಟಿಂಗ್ಸ್ ತೆರೆದು ಯಾರು ಎಷ್ಟು ಚಾರ್ಜು ತಿಂದಿದ್ದಾರೆ ಎಂದು ತೋರಿಸಿದಳು. ಮುಕ್ಕಾಲು ಪಾಲನ್ನು ಮೇಲ್ ಒಂದೇ ತಿಂದು ತೇಗಿತ್ತು. ಏನೋ ಒಂದು ದೊಡ್ಡ ಫೈಲು ಪದೇಪದೇ ಇಳಿಯಲು ನೋಡುತ್ತಿದೆ, ಪೂರ್ತಿ ಇಳಿಯುವ ಮೊದಲೇ ಅದು ಮತ್ತೆ ಹೊಸದಾಗಿ ಬರುತ್ತಿದೆ, ಅದಕ್ಕೇ ಫೋನಿಗೆ ಉಸಿರು ಬಿಡಲು ಪುರಸೊತ್ತಿಲ್ಲ ಎಂದು ವಿವರಿಸಿದಳು. ಮೇಲ್ ಅಕೌಂಟನ್ನೇ ತೆಗೆದುಬಿಡಲೇ ಎಂದು ಕೇಳಿದಾಗ ಚಿಕ್ಕ ಬೇಡವೆಂದ. ಕಂಪನಿಯ ದೂರುಗಳೆಲ್ಲ ಬರುವುದು ಅದಕ್ಕೇ. ಅಣ್ಣ ತಮ್ಮ ಇಬ್ಬರಿಗೂ ಸೇರಿ ಕಂಪನಿ ಒಂದೇ ಮೇಲ್ ಐಡಿ ಕೊಟ್ಟಿತ್ತು, ಒಂದೇ ಕೊಡೆಯಡಿ ಇಬ್ಬರನ್ನು ನಿಲ್ಲಿಸಿದ ಹಾಗೆ.

“ಹಾಗಾದ್ರೆ ಆ ದೊಡ್ಡ ಫೈಲು ಯಾವುದು ಅಂತ ಹುಡುಕಿ ಅಳಿಸಿ” ಎಂದಳು ಅಂಗಡಿಯಾಕೆ.

ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕೂತೇ ಹುಡುಕಿದ. ಬಂದ ಮೇಲ್‌ಗಳಲ್ಲಿ ಇರಲಿಲ್ಲ, ಕಳಿಸಿದ್ದರಲ್ಲೂ ಇರಲಿಲ್ಲ. ಅವನು ಎಂದೂ ಕಣ್ಣು ಹಾಯಿಸದ ಡ್ರಾಫ್ಟ್‌ಗಳ ಜಾಗದಲ್ಲಿ ಒಂದೇ ಒಂದು ಕೂತಿತ್ತು. ತೆರೆದ. ಆಫೀಸಿಗೆ ಬರೆಯಲು ಹೊರಟದ್ದು. ಕೆಳಗೆ ಒಂದು ವಿಡಿಯೋ ಅಂಟಿಸಿತ್ತು. ಮೇಲೆ ಇಷ್ಟೇ ಇತ್ತು: “ಮಾನ್ಯರೇ, ಹೊಸ ಹಗ್ಗ ಹಾಕಿದ್ದೇವೆ. ಕೆಲಸ ಮುಗಿದ”

ಮುಗಿದಿದೆ ಎಂದು ಬರೆಯುವ ಮೊದಲೇ ಯಾರೋ ಕರೆದಿರಬೇಕು, ಅಥವಾ ಎದೆ ಹಿಡಿದಿರಬೇಕು. ಅಣ್ಣನ ಕೊನೆಯ ದಿನದ ಕೆಲಸ ಅದು. ಚಿಕ್ಕನಿಗೆ ಅಣ್ಣನ ಬೆನ್ನು ಕಂಡಂತಾಯಿತು. ವಿಡಿಯೋ ತೆರೆಯುವ ಧೈರ್ಯ ಬರಲಿಲ್ಲ. ಸತ್ತವರ ಸಾಮಾನನ್ನು ಕದ್ದು ನೋಡಿದವನಂತೆ ಅತ್ತಿತ್ತ ನೋಡಿ ಅಳಿಸು ಎಂಬುದನ್ನು ಒತ್ತಿದ. ಅದು ಹೋಯಿತು. ಆ ಸಂಜೆ ಫೋನು ತಣ್ಣಗಿತ್ತು.

ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಾ ನೋಡುತ್ತಾನೆ, ಡ್ರಾಫ್ಟು ಮತ್ತೆ ಅಲ್ಲೇ ಇದೆ. ಪಕ್ಕದಲ್ಲಿ ಅವತ್ತಿನದೇ ತಾರೀಕು. ಆಗಷ್ಟೇ ಬರೆದದ್ದು ಎನ್ನುವ ಹಾಗೆ.

ತಾನು ಸರಿಯಾಗಿ ಒತ್ತಿರಲಿಲ್ಲವೇನೋ ಎಂದು ಸಮಾಧಾನ ಮಾಡಿಕೊಂಡು ಮತ್ತೆ ಅಳಿಸಿದ. ಮಾರನೆಯ ಬೆಳಿಗ್ಗೆ ಮತ್ತೆ ಬಂತು. ಅಳಿಸುವುದು, ಬರುವುದು, ಅಳಿಸುವುದು, ಬರುವುದು. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ಫೋನು ಮಾತ್ರ ಬೆಂದು ಬಸವಳಿಯುತ್ತಿತ್ತು.

ಬೇರೆಯವರಾಗಿದ್ದರೆ ಮ್ಯಾನೇಜರಿಗೋ ಸ್ನೇಹಿತರಿಗೋ ಹೇಳುತ್ತಿದ್ದರು. ಚಿಕ್ಕ ಯಾರಿಗೂ ಹೇಳಲಿಲ್ಲ. ಹೇಳಿದರೆ ಅದಕ್ಕೆ ಏನೋ ಒಂದು ಸರಳ ಕಾರಣ ಸಿಕ್ಕಿಬಿಡುತ್ತದೆ ಎಂಬ ಭಯವೂ ಇತ್ತು, ಸಿಗದೇ ಹೋದರೆ ಎಂಬ ಭಯವೂ ಇತ್ತು. ಲಿಫ್ಟು ಇಳಿದೇರುವ ಕತ್ತಲ ಕೊಳವೆಯನ್ನು ಅಣ್ಣ ಬಾವಿ ಎನ್ನುತ್ತಿದ್ದ. ಹಗಲು ಹೊತ್ತಿನಲ್ಲೇ ಅದರೊಳಗೆ ತಲೆ ಹಾಕಲು ಚಿಕ್ಕನಿಗೆ ಹಿಂಜರಿಕೆಯಾಗತೊಡಗಿತು. ಕೆಳಗಿನಿಂದ ಯಾರೋ ಟಾರ್ಚು ಹಿಡಿದು ಮೇಲೆ ನೋಡುತ್ತಿದ್ದಾರೆ ಅನಿಸುವುದು. ಬಗ್ಗಿದರೆ ಎಣ್ಣೆ ಜಿಡ್ಡಿನ ಮೇಲೆ ಬಿದ್ದ ಅವನದೇ ಬೆಳಕು.

ಹೀಗಿರುವಾಗ ಒಂದು ಬೆಳಿಗ್ಗೆ ಡ್ರಾಫ್ಟಿನ ಮಾತು ಬೆಳೆದಿತ್ತು. “ಕೆಲಸ ಮುಗಿದ” ಎಂಬಲ್ಲಿಗೆ ನಿಲ್ಲದೆ, ಸ್ವಲ್ಪ ಜಾಗ ಬಿಟ್ಟು ಇನ್ನೊಂದು ಪದ ಕೂತಿತ್ತು: “ಇರಿ”.

ಆ ದಿನ ಅವನ ಕೈ ಅಳಿಸುವ ಕೆಲಸಕ್ಕೆ ಹೋಗಲಿಲ್ಲ. ಅಡುಗೆಮನೆಗೆ ಹೋಗಿ ಹೆಂಡತಿಯ ಮುಂದೆ ಫೋನು ಹಿಡಿದು, ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದ. ಅವಳು ಕೈ ಒರೆಸಿಕೊಂಡು ಫೋನು ತೆಗೆದುಕೊಂಡು ಎರಡು ಸಲ ಓದಿದಳು.

“ಇರಿ ಅಂದ್ರೆ ಚುಚ್ಚು ಅಂತಾನಾ?” ಎಂದಳು ಮೆಲ್ಲಗೆ.

“ಅಣ್ಣ ನನ್ನನ್ನ ಯಾಕೆ ಚುಚ್ಚಬೇಕು?”

“ಹಾಗಾದ್ರೆ ನಿಲ್ಲಿ ಅಂತ. ಆದ್ರೆ ನಿಮಗೆ ಅವರು ಬಹುವಚನ ಯಾವಾಗ ಹಾಕಿದ್ರು?”

ಅದು ನಿಜವಾಗಿತ್ತು. ಅಣ್ಣ ಅವನನ್ನು ಹುಟ್ಟಿದಾಗಿನಿಂದ ಲೋ ಎಂದೇ ಕರೆದವನು. ಸತ್ತ ಮೇಲೆ ಮರ್ಯಾದೆ ಕಲಿತನೇ ಎಂದು ನಗಲು ನೋಡಿದ.

ಅವತ್ತೇ ಮಧ್ಯಾಹ್ನ ಆಗಬಾರದ್ದು ಆಯಿತು. ಅಣ್ಣ ತಮ್ಮ ಕೊನೆಯದಾಗಿ ಹಗ್ಗ ಹಾಕಿದ್ದ ಅದೇ ಕಟ್ಟಡದಲ್ಲಿ ಕರೆಂಟು ಹೋಗಿ, ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತು. ಒಳಗಿದ್ದವರು ಒಬ್ಬ ಸಂಗೀತ ಟೀಚರು, ವಯಸ್ಸಾದ ಹೆಂಗಸು. ಚಿಕ್ಕನ ಫೋನು ಎಂದಿನಂತೆ ಸತ್ತಿತ್ತು. ಅವನು ಇನ್ನೊಂದು ಕಟ್ಟಡದ ಮೋಟಾರು ಕೋಣೆಯಲ್ಲಿ ಬ್ರೇಕು ಬಿಗಿ ಮಾಡುತ್ತಾ, ಯಾರೂ ಕರೆಯುತ್ತಿಲ್ಲವಲ್ಲ, ನೆಮ್ಮದಿ ಎಂದುಕೊಂಡಿದ್ದ. ಮ್ಯಾನೇಜರ್ ಅವನ ಹೆಂಡತಿಗೆ ಫೋನು ಮಾಡಿ, ಅವಳು ಕಾವಲುಗಾರನಿಗೆ ಮಾಡಿ, ಕಾವಲುಗಾರ ಏದುಸಿರು ಬಿಡುತ್ತಾ ಮೇಲೆ ಬಂದು ಹೇಳುವಷ್ಟರಲ್ಲಿ ಬಹಳ ಹೊತ್ತು ಕಳೆದಿತ್ತು.

ಬಾಗಿಲು ಸರಿಸಿ ಟೀಚರ ಕೈ ಹಿಡಿದು ಹೊರಗೆ ತಂದಾಗ ಅವರ ಕೈ ಮಂಜುಗಡ್ಡೆಯಾಗಿತ್ತು. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತ. ಅವರು ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತು ನೀರು ಕುಡಿದರು. ಆಮೇಲೆ, ಲಿಫ್ಟಿನೊಳಗೆ ಅಂಟಿಸಿದ ಚೀಟಿಯಲ್ಲಿ ಎರಡು ನಂಬರಿದ್ದವು, ನಿಮ್ಮದು ಹೋಗಲಿಲ್ಲ, ಅದಕ್ಕೆ ಮೇಲಿನದಕ್ಕೆ ಮಾಡಿದೆ ಎಂದರು.

ಮೇಲಿನದು ಅಣ್ಣನ ನಂಬರು. ಚೀಟಿ ಬದಲಾಯಿಸಬೇಕೆಂದು ಎಷ್ಟು ಸಲ ಅಂದುಕೊಂಡಿದ್ದನೋ, ಆಗಿರಲಿಲ್ಲ.

“ಅದು ರಿಂಗ್ ಆಯ್ತಾ?”

“ಆಯ್ತು. ಎತ್ತಿದ್ರು.”

“ಯಾರು?”

“ಯಾರೋ ಹೆಂಗಸು. ತುಂಬಾ ಹೊತ್ತು ಸುಮ್ಮನಿದ್ರು. ಆಮೇಲೆ ‘ಅವರಿಲ್ಲ’ ಅಂದ್ರು. ಅಷ್ಟೇ, ಇಟ್ಟುಬಿಟ್ರು.” ಟೀಚರು ಸೆರಗಿನಿಂದ ಮುಖ ಒರೆಸಿಕೊಂಡರು. “ಆ ಧ್ವನಿ ಕೇಳಿ ನನಗೆ ನನ್ನ ಭಯ ಮರೆತೇಹೋಯ್ತು ನೋಡಿ. ನನಗಿಂತ ಸಣ್ಣ ಡಬ್ಬದಲ್ಲಿ ಸಿಕ್ಕಿಹಾಕ್ಕೊಂಡವರ ಧ್ವನಿ.”

ಮ್ಯಾನೇಜರ್ ಅಲ್ಲಿಗೇ ಬಂದು ಸಿಕ್ಕಾಪಟ್ಟೆ ರೇಗಾಡಿದರು. ಚಿಕ್ಕ ಫೋನಿನ ಕಥೆ ಹೇಳಬೇಕಾಯಿತು. ಯಾರೋ ಪಾಸ್‌ವರ್ಡ್ ಕದ್ದಿದ್ದಾರೆ, ಈಗಲೇ ಬದಲಾಯಿಸಿಬಿಡುತ್ತೇನೆ, ಬೇರೆ ಎಲ್ಲಿ ತೆರೆದಿದ್ದರೂ ಮುಚ್ಚಿಹೋಗುತ್ತದೆ ಎಂದು ಅವರು ಫೋನು ತೆಗೆದರು. ಚಿಕ್ಕ ಅವರ ಕೈ ಹಿಡಿದುಕೊಂಡ. ನಾಳೆಯವರೆಗೆ ತಡೆಯಿರಿ ಎಂದು ಬೇಡಿಕೊಂಡ. ಇಷ್ಟು ವರ್ಷದಲ್ಲಿ ಅವನು ಅವರನ್ನು ಏನನ್ನೂ ಬೇಡಿದವನಲ್ಲ. ಅವರು ಹೂಂ ಎಂದರು.

ಅಣ್ಣನಿಗೆ ‘ಇರಿ’ ಎಂದು ಹೇಳುವವರು ಈ ಲೋಕದಲ್ಲಿ ಒಬ್ಬರೇ ಇದ್ದರು. ಅದು ಬೆಳಿಗ್ಗೆಯೇ ಹೊಳೆಯಬೇಕಿತ್ತು.

ಅತ್ತಿಗೆ ಬಾಗಿಲು ತೆಗೆದಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ಚಪ್ಪಲಿ ಇದ್ದಲ್ಲೇ ಇತ್ತು. ಇವನು ಅದನ್ನು ದಾಟಿ ಒಳಗೆ ಹೋದ. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ, ಚಾರ್ಜರಿಗೆ ಸಿಕ್ಕಿಸಿಕೊಂಡು, ಒಂದು ಕರವಸ್ತ್ರದ ಮೇಲೆ ಅಣ್ಣನ ಫೋನು ಮಲಗಿತ್ತು.

“ಇಷ್ಟು ದಿನಕ್ಕೆ ದಾರಿ ಗೊತ್ತಾಯ್ತಾ?” ಎಂದಳು ಅತ್ತಿಗೆ. ಸಿಟ್ಟಿರಲಿಲ್ಲ. ಟೀ ಇಟ್ಟಳು.

ಲೋಟ ಕೈಗೆ ಕೊಟ್ಟು ಅವಳೇ ಶುರು ಮಾಡಿದಳು. ಬೀರು ಒರೆಸುವಾಗ ಅವರ ಕೆಲಸದ ಪ್ಯಾಂಟಿನ ಜೇಬಿನಲ್ಲಿ ಫೋನು ಸಿಕ್ಕಿತಂತೆ. ಚಾರ್ಜಿಗೆ ಹಾಕಿದರೆ, ಅವರು ಬಿಟ್ಟುಹೋದ ಪುಟವೇ ತೆರೆದುಕೊಂಡಿತಂತೆ. ಅರ್ಧ ಬರೆದ ಸಾಲು, ಕೆಳಗೊಂದು ವಿಡಿಯೋ. ಅಂದಿನಿಂದ ಬೆಳಿಗ್ಗೆ ಎದ್ದು ವಿಡಿಯೋ ಹಾಕಿಕೊಂಡು ಕೇಳುವುದು, ಹಗಲೆಲ್ಲ ಆಗಾಗ ಮತ್ತೆ ಕೇಳುವುದು. ಪುಟವನ್ನು ಮುಚ್ಚಿದರೆ ಎಲ್ಲಿ ಹೋಗಿಬಿಡುತ್ತದೋ ಎಂದು ಮುಚ್ಚಿಯೇ ಇರಲಿಲ್ಲ.

“ಚೆನ್ನಾಗೇ ಇತ್ತು. ಸ್ವಲ್ಪ ದಿನದಿಂದ ಒಂದು ಥರಾ ಆಗೋಕೆ ಶುರುವಾಯ್ತು” ಎಂದು ಅವಳು ಧ್ವನಿ ತಗ್ಗಿಸಿದಳು. “ಬೆಳಿಗ್ಗೆ ನೋಡಿದ್ರೆ ಪರದೆ ಮೇಲೆ ಬರೆದಿರತ್ತೆ, ಇದನ್ನ ಅಳಿಸಲಾಗಿದೆ, ಉಳಿಸಿಕೊಳ್ಳಬೇಕೇ ಅಂತ. ದಿನಾ. ನಾನು ಹೌದು ಅಂತ ಒತ್ತೋದು, ಮಾರನೇ ದಿನ ಮತ್ತೆ ಅದೇ ಕೇಳೋದು.”

ಚಿಕ್ಕ ಲೋಟವನ್ನು ಕೆಳಗಿಟ್ಟ.

“ಹೋಗ್ತೀನಿ, ಬಿಡು ಅಂತ ಅವರೇ ಕೇಳ್ತಿದ್ದಾರೆ ಅಂದ್ಕೊಂಡೆ. ನಿನ್ನೆ ಮನಸ್ಸು ತಡೀಲಿಲ್ಲ. ಅದರಲ್ಲೇ ಬರೆದುಬಿಟ್ಟೆ, ಇರಿ ಅಂತ.” ಅವಳು ಅವನ ಮುಖ ನೋಡಿದಳು. “ಇವತ್ತು ಬೆಳಿಗ್ಗೆ ಏನೂ ಕೇಳಲಿಲ್ಲ ಕಣೋ. ನನ್ನ ಮಾತು ಕೇಳಿದ್ರು ಅನ್ನಿಸ್ತು.”

ಹೇಳದೆ ಎದ್ದು ಹೋಗಿಬಿಡೋಣ ಎಂದು ಅವನಿಗೆ ಒಂದು ಗಳಿಗೆ ಬಲವಾಗಿ ಅನಿಸಿತು. ಆದರೆ ನಾಳೆ ಮ್ಯಾನೇಜರ್ ಪಾಸ್‌ವರ್ಡ್ ಬದಲಾಯಿಸುತ್ತಾರೆ. ಈ ಪುಟ ಅವಳ ಕಣ್ಣೆದುರೇ ಮುಚ್ಚಿಹೋಗುತ್ತದೆ. ಆಮೇಲೆ ಯಾವ ದೇವರು ಬಂದು ಸಮಾಧಾನ ಹೇಳಬೇಕು?

“ಅತ್ತಿಗೆ, ಅಳಿಸ್ತಾ ಇದ್ದಿದ್ದು ನಾನು.”

ಒಂದೇ ಮೇಲ್ ಎರಡು ಫೋನಿನಲ್ಲಿ ಇದ್ದದ್ದು, ಅವಳು ವಿಡಿಯೋ ಹಾಕಿದಾಗಲೆಲ್ಲ, ಹೌದು ಎಂದು ಒತ್ತಿದಾಗಲೆಲ್ಲ ಅದು ಹೊಸದಾಗಿ ಇವನ ಫೋನಿಗೆ ಬಂದು ಕುಳಿತದ್ದು, ಬ್ಯಾಟರಿ, ಅಂಗಡಿ, ಎಲ್ಲವನ್ನೂ ಹೇಳಿದ. ತಾನೂ ಅಣ್ಣನೇ ಬಂದು ಬರೆಯುತ್ತಿದ್ದಾನೆಂದು ಹೆದರಿದ್ದನ್ನೂ ಮುಚ್ಚಿಡಲಿಲ್ಲ. ಅವಳು ಕಿಟಕಿಯ ಕಡೆ ನೋಡುತ್ತಾ ಕೇಳಿಸಿಕೊಂಡಳು.

“ಹಾಗಾದ್ರೆ ಇಷ್ಟು ದಿನ ನಾನು ನಿನಗೆ ದೆವ್ವ, ನೀನು ನನಗೆ ದೆವ್ವ” ಎಂದಳು ಕೊನೆಗೆ. ತುಟಿಯಲ್ಲಿ ನಗುವಿನ ಹಾಗೆ ಏನೋ ಬಂದು, ಬಂದ ಹಾಗೆಯೇ ಹೋಯಿತು. “ಅವರು ಮಾತ್ರ ಎಲ್ಲೂ ಇರಲಿಲ್ಲ.”

ಅವಳು ಎದ್ದು ಫೋನು ತಂದು ವಿಡಿಯೋ ಹಾಕಿದಳು. ಹೊಸ ಹಗ್ಗ ಎಣ್ಣೆಯಲ್ಲಿ ಮಿಂಚುತ್ತಾ ಮೆಲ್ಲಗೆ ಇಳಿಯುತ್ತಿತ್ತು. ಬಾವಿಯ ಮೇಲಿನಿಂದ ಒಂದು ಧ್ವನಿ, “ನಿಧಾನ, ನಿಧಾನ... ಹಾಂ, ಸಾಕು” ಎನ್ನುತ್ತಿತ್ತು. ಚಿಕ್ಕನಿಗೆ ಗುರುತು ಸಿಕ್ಕಿತು. ಅದು ಅಣ್ಣನ ಧ್ವನಿಯಲ್ಲ, ತನ್ನದು. ಮೇಲೆ ನಿಂತು ಕೂಗಿದ್ದು ತಾನು, ಕೆಳಗೆ ಫೋನು ಹಿಡಿದು ನಿಂತಿದ್ದು ಅಣ್ಣ. ಬೆಳಗಾದರೆ ಇವಳು ಕೇಳುತ್ತಿದ್ದದ್ದು ಇದನ್ನೇ? ಒಂದು ಸತ್ಯ ಹೇಳಿದ ಬಾಯಿಗೆ ಇನ್ನೊಂದನ್ನು ನುಂಗಲಾಗಲಿಲ್ಲ.

“ಅತ್ತಿಗೆ... ಆ ಧ್ವನಿ ನನ್ನದು.”

“ಗೊತ್ತಿಲ್ವಾ ನನಗೆ? ಮೈದುನನ ಧ್ವನಿ ಗೊತ್ತಾಗದಷ್ಟು ಕಿವುಡಾಗಿಲ್ಲ ನಾನು.” ಅವಳು ಬೆರಳೆತ್ತಿ ಸುಮ್ಮನಿರುವಂತೆ ಸನ್ನೆ ಮಾಡಿದಳು. “ನಿನ್ನ ಮಾತು ಮುಗಿದ ಮೇಲೆ ಕೇಳು.”

ಹಗ್ಗ ನಿಂತಿತು. ಸದ್ದೆಲ್ಲ ಅಡಗಿತು. ಆಗ ಕೇಳಿಸಿತು, ಫೋನಿಗೆ ತೀರಾ ಹತ್ತಿರದಲ್ಲಿ, ಒಂದು ಉಸಿರು. ಒಳಗೆ ಎಳೆದು, ಅರ್ಧಕ್ಕೆ ಏನೋ ತಡೆದ ಹಾಗೆ ನಿಂತು, ಮತ್ತೆ ಹೊರಗೆ ಬಂತು. ಇನ್ನೊಂದು ಶುರುವಾಗುವಾಗ ವಿಡಿಯೋ ಮುಗಿದುಹೋಯಿತು.

ಸಂಜೆ ಎದೆ ಹಿಡಿಯುವ ಮೊದಲೇ ಬಂದಿದ್ದ ಆ ತಡೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಚಿಕ್ಕನಿಗೆ ಮಾತ್ರ, ಮೇಲೆ ನಿಂತು ಸಾಕು ಎಂದು ಕೂಗಿ, ಕೆಳಗೆ ಬಗ್ಗಿಯೂ ನೋಡದೆ ಸಾಮಾನು ಚೀಲಕ್ಕೆ ತುಂಬತೊಡಗಿದ್ದ ತನ್ನ ಬೆನ್ನು ಈಗ ಕಂಡಿತು.

ಮೊದಲು ವಿಡಿಯೋವನ್ನು ಅಣ್ಣನ ಆ ಫೋನಿನೊಳಗೇ, ಮೇಲ್‌ನ ಹಂಗಿಲ್ಲದ ಹಾಗೆ, ಭದ್ರವಾಗಿ ಇಳಿಸಿಕೊಟ್ಟ. ಇನ್ನೊಂದು ಪ್ರತಿ ತನ್ನ ಹೆಂಡತಿಯ ಫೋನಿಗೂ ಕಳಿಸಿದ. ಇನ್ನು ಮೇಲ್ ಅಕೌಂಟನ್ನು ಈ ಫೋನಿನಿಂದ ತೆಗೆಯಬೇಕು ಎಂದಾಗ ಅವಳು, ನೀನೇ ತೆಗಿ, ನನ್ನ ಕೈಯಲ್ಲಾಗದು ಎಂದು ಅಡುಗೆಮನೆಗೆ ಹೋಗಿ ಲೋಟ ತೊಳೆಯುತ್ತಾ ನಿಂತಳು. ನಲ್ಲಿ ಬಹಳ ಹೊತ್ತು ಸುರಿಯಿತು. ಅವನು ಕೆಲಸ ಮುಗಿಸಿ ಫೋನನ್ನು ಕರವಸ್ತ್ರದ ಮೇಲೆ ಇಟ್ಟ.

ಹೊರಡುವಾಗ ಟೀಚರ ಸುದ್ದಿ ತೆಗೆದ. ಲಿಫ್ಟುಗಳಲ್ಲಿ ಅಣ್ಣನ ನಂಬರು ಇನ್ನೂ ಇದೆ, ನಾಳೆಯೇ ಎಲ್ಲ ಕಡೆ ಚೀಟಿ ಬದಲಾಯಿಸುತ್ತೇನೆ, ನಿಮಗೆ ಇನ್ನು ಇಂಥ ಕರೆಗಳ ಕಾಟ ಇರುವುದಿಲ್ಲ ಎಂದ.

ಅವಳು ಬಾಗಿಲಿಗೆ ಒರಗಿ ನಿಂತು ಯೋಚಿಸಿದಳು.

“ಆಯಮ್ಮ ಒಳಗೆ ಇದ್ರಾ ಆಗ? ಕತ್ತಲಲ್ಲಿ?”

“ಹೂಂ.”

“ನಾನು ಅವರಿಲ್ಲ ಅಂತ ಇಟ್ಟುಬಿಟ್ಟೆ.” ಸ್ಟೂಲಿನ ಮೇಲಿನ ಫೋನಿನ ಕಡೆ ನೋಡಿ ಅಂದಳು, “ಚೀಟಿ ಇರಲಿ ಬಿಡು.”

ಮರುದಿನ ಪಾಸ್‌ವರ್ಡ್ ಬದಲಾಯಿತು. ಚಿಕ್ಕನ ಫೋನು ಸಂಜೆಯವರೆಗೆ ಉಳಿಯಿತು. ಚೀಟಿಗಳು ಇದ್ದಂತೆಯೇ ಇದ್ದವು. ಅವನು ವಾರಕ್ಕೊಮ್ಮೆಯಾದರೂ ಅತ್ತಿಗೆಯ ಮನೆಗೆ ಹೋಗುವುದನ್ನು ರೂಢಿ ಮಾಡಿಕೊಂಡ. ಅಲ್ಲಿ ಹೆಚ್ಚು ಮಾತೇನೂ ಇರುತ್ತಿರಲಿಲ್ಲ. ಒಂದೊಂದು ಸಲ ಅವಳು, ಅವತ್ತು ಮಧ್ಯಾಹ್ನ ಊಟ ಸರಿಯಾಗಿ ಮಾಡಿದ್ರಾ ಎಂದೋ, ಮೆಟ್ಟಿಲು ಹತ್ತುವಾಗ ನಿಂತು ನಿಂತು ಹತ್ತಿದ್ರಾ ಎಂದೋ ಕೇಳುತ್ತಿದ್ದಳು. ಗೊತ್ತಿದ್ದದ್ದನ್ನು ಹೇಳುತ್ತಿದ್ದ. ಗೊತ್ತಿಲ್ಲದ್ದೇ ಹೆಚ್ಚಾಗಿತ್ತು.

ಮಳೆ ಹಿಡಿದುಕೊಂಡಿದ್ದ ಒಂದು ಮುಂಜಾನೆ ದೂರದ ಕಟ್ಟಡವೊಂದರಲ್ಲಿ ಲಿಫ್ಟು ಕೆಟ್ಟು ನಿಂತಿತು. ಸುದ್ದಿ ಮುಟ್ಟಿಸಿದವಳು ಅತ್ತಿಗೆಯೇ, ಬಂದ ಕರೆಯನ್ನು ಇಡದೆಯೇ ಅಣ್ಣನ ಫೋನಿನಿಂದ ಮೂರು ಮಾತಿನ ಮೆಸೇಜು ಕಳಿಸಿದ್ದಳು. ಚಿಕ್ಕ ನೆನೆದುಕೊಂಡೇ ಓಡಿದ. ಮಹಡಿ ಹತ್ತಿ ಮುಚ್ಚಿದ ಬಾಗಿಲಿನ ಮುಂದೆ ನಿಂತು, ಚೀಲದಿಂದ ಬಾಗಿಲು ತೆಗೆಯುವ ಕೀಲಿ ಹೊರತೆಗೆದ.

ಒಳಗೆ ಯಾರೋ ಫೋನನ್ನು ಸ್ಪೀಕರಿಗೆ ಹಾಕಿಕೊಂಡಿದ್ದರು. ಬಾಗಿಲ ಸಂದಿಯಿಂದ ಅತ್ತಿಗೆಯ ಧ್ವನಿ ಬರುತ್ತಿತ್ತು. ಮಾತು ಕಮ್ಮಿ ಮಾಡಿದ್ದವಳು, ಕಾಣದ ಆ ಮನುಷ್ಯನಿಗೆ ನೆಲದ ಮೇಲೆ ಕೂತ್ಕೊಳ್ಳಿ ಎನ್ನುತ್ತಿದ್ದಳು, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳುತ್ತಿದ್ದಳು, ಈ ಹಗ್ಗ ಹಾಕಿದವರು ನಮ್ಮ ಮನೆಯವರೇ, ಇದು ಬೀಳೋದಿಲ್ಲ ಎನ್ನುತ್ತಿದ್ದಳು. ಒಳಗಿದ್ದವನು ಅಳುವ ಧ್ವನಿಯಲ್ಲಿ, ನಿಮ್ಮ ಮನೆಯವರು ಬರ್ತಾರಾ ಎಂದು ಕೇಳಿದ.

ಚಿಕ್ಕ ಕೀಲಿ ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿದ. ಆ ಕಡೆಯಿಂದ ಏನು ಉತ್ತರ ಬರುತ್ತದೆಂದು ಕೇಳಬೇಕೆನಿಸಿತು, ಕೇಳಬಾರದು ಎಂದೂ ಅನಿಸಿತು. ಫೋನಿನಲ್ಲಿ ಮಳೆಯ ಸದ್ದು ಮಾತ್ರ ಕೇಳುತ್ತಿತ್ತು.

ಅವನು ಕೀಲಿ ತಿರುಗಿಸಿದ.